ಒಂದೇ ಕೈಯ ಹೊಲಿಗೆ

ಹತ್ತಿ ಹಿಂಜುವ ಯಂತ್ರ ಶುರುವಾಗಿ ಒಂದು ಗಂಟೆ ಕಳೆದರೆ ಸಾಕು, ಆ ಕೋಣೆಯಲ್ಲಿ ಎದುರಿಗೆ ಕೂತವರ ಮುಖ ಕಾಣುವುದಿಲ್ಲ. ಹುಬ್ಬು ಬೆಳ್ಳಗಾಗುತ್ತದೆ. ರೆಪ್ಪೆ ಬೆಳ್ಳಗಾಗುತ್ತದೆ. ಮೂಗಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡರೂ ಸಂಜೆ ಸೀನಿದರೆ ಹತ್ತಿಯೇ ಬರುತ್ತದೆ. ಜನ ಮಲಗಿ ಮಲಗಿ ಗಟ್ಟಿಯಾದ ಹಳೆಯ ಹಾಸಿಗೆಗಳನ್ನು ಬಿಚ್ಚುವುದು, ಒಳಗಿನ ಹತ್ತಿಯನ್ನು ಹಿಂಜುವುದು, ಬಿಸಿಲಿಗೆ ಹರಡುವುದು, ಮತ್ತೆ ತುಂಬಿ ಹೊಲಿಯುವುದು ಆ ಗಲ್ಲಿಯ ಕಸುಬು. ಊರಿನ ಅರ್ಧ ನಿದ್ದೆ ಇಲ್ಲಿಂದಲೇ ತಯಾರಾಗಿ ಹೋಗುತ್ತದೆ. ಇಲ್ಲಿಯವರನ್ನು ಮಾತ್ರ ಕೆಮ್ಮು ಮಲಗಲು ಬಿಡುವುದಿಲ್ಲ.

ಗಲ್ಲಿಯವರೆಲ್ಲ ಸೂಜಿ ಎಂದು ಕರೆಯುವ ಹುಡುಗಿಗೆ ಇಪ್ಪತ್ತು ದಾಟಿತ್ತು. ತೆಳ್ಳಗಿದ್ದಳು, ಸದ್ದಿಲ್ಲದೆ ಓಡಾಡುತ್ತಿದ್ದಳು, ಅದಕ್ಕೇ ಆ ಹೆಸರು. ಆರನೇ ತರಗತಿಗೆ ಶಾಲೆ ಬಿಟ್ಟವಳು. ಹಾಸಿಗೆಯ ಅಂಚು ಹೊಲಿಯುವುದು ಅವಳ ಕೆಲಸ. ಬಾಗಿಲ ಪಕ್ಕ ತಲೆ ತಗ್ಗಿಸಿ ಕೂತು ಹೊಲಿಯುತ್ತಲೇ ಬಂದವರನ್ನು ಹೋದವರನ್ನು ನೋಡುತ್ತಿದ್ದಳು. ಅವಳ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಮೂರು ಸಲ ಕೇಳಬೇಕಿತ್ತು.

ಅವಳ ಅಮ್ಮ ಇಪ್ಪತ್ತೆರಡು ವರ್ಷ ಯಂತ್ರದ ಬಾಯಿಗೆ ಹತ್ತಿ ಒಡ್ಡಿದವಳು. ಈಗ ಒಂದು ಕೊಡ ನೀರು ತರುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದಳು. ಮಂಗಳವಾರ, ಶುಕ್ರವಾರ ಗಲ್ಲಿಯ ಬಾಯಲ್ಲಿರುವ ಎರಡು ಕೋಣೆಯ ಚಿಕ್ಕಾಸ್ಪತ್ರೆಗೆ ಹೋಗಿ, ಉಸಿರಿನ ಯಂತ್ರದ ಮುಖವಾಡ ಹಾಕಿಕೊಂಡು ಇಪ್ಪತ್ತು ನಿಮಿಷ ಕೂರುತ್ತಿದ್ದಳು. ವಾಪಸ್ಸು ಬರುವಾಗ ತುಟಿಯ ನೀಲಿ ಇಳಿದಿರುತ್ತಿತ್ತು.

“ಬದುಕಿದೆ ಕಣೆ,” ಎನ್ನುತ್ತಿದ್ದಳು. “ಇನ್ನು ಶುಕ್ರವಾರದವರೆಗೆ ನಿನ್ನ ಬೈಯೋಕೆ ಶಕ್ತಿ ಬಂತು.”

ಆ ಚಿಕ್ಕಾಸ್ಪತ್ರೆ ಸುಮ್ಮನೆ ಬಂದದ್ದಲ್ಲ. ಗಲ್ಲಿಯಲ್ಲಿ ಮೂರು ಸಾಲು ಮನೆ. ಮುಂದಿನ ಸಾಲಿನವರು ಹತ್ತಿ ಹಿಂಜುತ್ತಾರೆ, ನಡುವಿನ ಸಾಲಿನವರು ಹೊಲಿಯುತ್ತಾರೆ, ಹಿಂದಿನ ಸಾಲಿನವರು ದಾರ ಹೊಸೆಯುತ್ತಾರೆ. ಹಿಂದಿನ ಸಾಲಿನವರು ಎಲ್ಲಿಂದಲೋ ಬಂದವರು. ಅವರ ಮನೆಮಾತು ಬೇರೆ, ದೇವರೂ ಬೇರೆ. ನಲ್ಲಿಯ ಹತ್ತಿರ ಮೂರೂ ಸಾಲಿಗೆ ದಿನಾ ಜಗಳ. ಆದರೆ ವೋಟಿನ ದಿನ ಮೂರೂ ಸಾಲು ಒಂದೇ. ವಾರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ವೋಟು ಗಲ್ಲಿಯದೇ ಆದದ್ದರಿಂದ ಐದು ವರ್ಷದ ಹಿಂದೆ ಹಾಸಿಗೆ ಹೊಲಿಯುತ್ತಿದ್ದ ದೊಡ್ಡಕ್ಕ ನಗರಸಭೆಯ ಸದಸ್ಯೆಯಾದಳು. ಆಕೆಗೆ ರುಜು ಹಾಕುವುದು ಬಿಟ್ಟರೆ ಬರಹ ಬಾರದು. ಗಂಟಲು ಮಾತ್ರ ದೊಡ್ಡದು. ನಾಲ್ಕು ವರ್ಷ ಆ ಗಂಟಲು ಹರಿದುಕೊಂಡ ಮೇಲೆ ಬಂದದ್ದು ಈ ಚಿಕ್ಕಾಸ್ಪತ್ರೆ, ಈ ಉಸಿರಿನ ಯಂತ್ರ.

ಒಂದು ಬುಧವಾರ ದೊಡ್ಡಕ್ಕ ಏದುಸಿರು ಬಿಡುತ್ತಾ ಕೋಣೆಗೆ ನುಗ್ಗಿದಳು.

“ಸೂಜಿ, ಬಾರೇ ನನ್ನ ಜೊತೆ. ನಗರಸಭೆ ಗೋಡೆಗೆ ಅದೇನೋ ಹೊಸ ನಕ್ಷೆ ಅಂಟಿಸಿದ್ದಾರೆ. ವಾರ್ಡೆಲ್ಲ ಹೊಸದಾಗಿ ಮಾಡ್ತಾರಂತೆ. ಕೇಳಿದ್ರೆ, ಅಲ್ಲೇ ಇದೆಯಲ್ಲ ನೋಡಿ ಅಂತಾರೆ. ನಾನು ನೋಡಿದೆ. ಜೇಡರ ಬಲೆ ಕಂಡ ಹಾಗೆ ಕಂಡಿತು.”

ಸೂಜಿ ಹೋಗಿ ನಕ್ಷೆಯ ಮುಂದೆ ನಿಂತಳು. ಮೊದಲಿಗೆ ಅವಳಿಗೂ ಬಲೆಯೇ. ಆದರೆ ಹೊಲಿದ ಹಾಸಿಗೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಮನೆಮನೆಗೆ ತಲುಪಿಸಿದವಳು ಅವಳು. ರೈಲು ಹಳಿ ಹುಡುಕಿದಳು, ಮಾರುಕಟ್ಟೆ ಹುಡುಕಿದಳು, ಗುಡ್ಡದ ಮೇಲಿನ ದೊಡ್ಡ ಬಂಗಲೆಗಳನ್ನು ಹುಡುಕಿದಳು. ನಡುವೆ ಬೆರಳಿಟ್ಟಳು. ಅವರ ಗಲ್ಲಿಯ ಮೇಲೆ ಎರಡು ಕೆಂಪು ಗೆರೆ.

ಗೆರೆಗಳು ರಸ್ತೆ ಹಿಡಿದು ಬಂದಿರಲಿಲ್ಲ. ಮಾರುಕಟ್ಟೆಯ ರಸ್ತೆಯ ಮೇಲೆ ನೆಟ್ಟಗೆ ಬರುತ್ತಿದ್ದ ಗೆರೆ, ಗಲ್ಲಿ ಹತ್ತಿರವಾದ ಕೂಡಲೇ ರಸ್ತೆ ಬಿಟ್ಟು ಒಳಗೆ ನುಗ್ಗಿ, ಮನೆಗಳ ಬೆನ್ನ ಮೇಲೆ ಹಾದು, ಆಚೆ ಹೋಗಿ ಮತ್ತೆ ರಸ್ತೆ ಹಿಡಿದಿತ್ತು.

“ಮುಂದಿನ ಸಾಲು ಗುಡ್ಡದ ವಾರ್ಡಿಗೆ,” ಎಂದಳು ಸೂಜಿ ಮೆಲ್ಲಗೆ. “ನಾವು ಮಾರ್ಕೆಟ್ ವಾರ್ಡಿಗೆ. ಹಿಂದಿನ ಸಾಲು ಹಳಿ ಆಚೆಗೆ.”

“ಅಂದ್ರೆ?”

“ನಮ್ಮ ಕೋಣೇಲೇ ಗೆರೆ ಹೋಗಿದೆ ದೊಡ್ಡಕ್ಕ. ಹಿಂಜೋ ಯಂತ್ರ ಒಂದು ವಾರ್ಡು. ನಾನು ಕೂರೋ ಬಾಗಿಲು ಇನ್ನೊಂದು.”

ದೊಡ್ಡಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಲ್ಲಿಯ ಕಡೆ ಹೊರಟಳು.

ಗಲ್ಲಿಗೆ ಬಂದು ವಿಷಯ ಹೇಳಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಯಂತ್ರ ಬರುವ ಮೊದಲು ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದ ಬಿಲ್ಲಜ್ಜ ನಕ್ಕುಬಿಟ್ಟ. “ಗೆರೆ ಎಳೆದ್ರೆ ಎಳ್ಕೊಳ್ಳಲಿ ಬಿಡಮ್ಮ. ಕಾಗದದ ಮೇಲಿನ ಗೆರೆ, ಎಡವಿ ಬೀಳ್ತೀವಾ?”

ದೊಡ್ಡಕ್ಕ ನೆಲದ ಮೇಲಿದ್ದ ಹತ್ತಿಯ ರಾಶಿಯನ್ನು ಕಾಲಲ್ಲಿ ಒದ್ದಳು. “ಒಂದು ಹಾಸಿಗೆಗೆ ಆಗೋ ಹತ್ತೀನ ಮೂರು ಹಾಸಿಗೆಗೆ ಹಂಚಿದ್ರೆ ಏನಾಗುತ್ತೆ ಅಜ್ಜ?”

“ಮೂರೂ ಚಪ್ಪಟೆ. ನೆಲ ಬೆನ್ನಿಗೆ ತಾಗುತ್ತೆ.”

“ನಮ್ಮ ವೋಟಿಗೂ ಅದೇ ಗತಿ. ಗುಡ್ಡದವರ ನಡುವೆ ನೀವೊಂದು ಹಿಡಿ, ಮಾರ್ಕೆಟ್‌ನವರ ನಡುವೆ ನಾವೊಂದು ಹಿಡಿ, ಹಳಿ ಆಚೆ ಅವರೊಂದು ಹಿಡಿ. ಯಾವ ವಾರ್ಡಲ್ಲೂ ನಮ್ಮವರು ಗೆಲ್ಲಲ್ಲ. ಇನ್ನೊಂದು ಗೊತ್ತಾ? ಚಿಕ್ಕಾಸ್ಪತ್ರೆ ಇರೋದು ಮುಂದಿನ ಸಾಲಿನ ಬದಿಗೆ. ಇನ್ನು ಅದು ಗುಡ್ಡದ ವಾರ್ಡಿನ ಆಸ್ತಿ. ಅವರ ಸದಸ್ಯರು ಹೋದ ತಿಂಗಳೇ ಸಭೇಲಿ ಕೇಳಿದ್ದಾರೆ, ನಮ್ಮ ವಯಸ್ಸಾದವರಿಗೆ ಇಳಿಯೋಕೆ ಕಷ್ಟ, ಉಸಿರಿನ ಯಂತ್ರ ಮೇಲಕ್ಕೆ ತಗೊಂಡು ಹೋಗ್ತೀವಿ ಅಂತ. ನಾನು ಕೂಗಾಡಿ ನಿಲ್ಲಿಸಿದ್ದೆ.”

ಗುಡ್ಡಕ್ಕೆ ನೂರಾ ನಲವತ್ತು ಮೆಟ್ಟಿಲು. ಸೂಜಿ ಹಾಸಿಗೆ ಹೊತ್ತು ಎಣಿಸಿದ್ದಳು. ಅಮ್ಮ ಹತ್ತು ಮೆಟ್ಟಿಲು ಹತ್ತಲಾರಳು.

“ಏನು ಮಾಡ್ಬೇಕು ಈಗ?” ಅಮ್ಮ ಕೇಳಿದಳು.

ಶುಕ್ರವಾರ ಸಂಜೆ ಐದರೊಳಗೆ ಆಕ್ಷೇಪಣೆ ಬರೆದು ಕೊಡಬಹುದು ಎಂದು ನಕ್ಷೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದುದನ್ನು ಸೂಜಿ ಹೇಳಿದಳು. ಉಳಿದದ್ದು ಎರಡೇ ದಿನ.

ಬರೆಯಬಲ್ಲವರು ಗಲ್ಲಿಯಲ್ಲಿ ಸೂಜಿಯಲ್ಲದೆ ಒಂಬತ್ತು ಮಂದಿ ಇದ್ದರು. ಹಾಸಿಗೆಗೆ ಗುಂಡಿ ಹಾಕುವ ಗುಂಡಿಯಕ್ಕ ತಾನೂ ಅಷ್ಟಿಷ್ಟು ಬರೆದುಕೊಡುತ್ತೇನೆ ಎಂದು ಮುಂದೆ ಬಂದಳು. ಬಿಲ್ಲಜ್ಜ ಒಪ್ಪಲಿಲ್ಲ.

“ನಿನ್ನ ಅಕ್ಷರ ಕಾಗೆ ಕಾಲು. ಒಂದು ಹಾಸಿಗೆ ಒಂದೇ ಕೈಲಿ ಹೊಲೀಬೇಕು. ಎರಡು ಕೈ ಬಿದ್ದಿದ್ದು ಕಂಡ್ರೆ ಗಿರಾಕಿ ಮುಖಕ್ಕೆ ಎಸೀತಾನೆ. ಸಾಹೇಬರಿಗೆ ಕೊಡೋದು ಚೆನ್ನಾಗಿರಬೇಕು. ಸೂಜಿ ಒಬ್ಬಳೇ ಬರೀಲಿ.”

ಅದು ಆ ಕಸುಬಿನ ಕಟ್ಟುನಿಟ್ಟು. ಎಲ್ಲರಿಗೂ ಸರಿ ಎನ್ನಿಸಿತು. ಸೂಜಿಗೂ ಅನ್ನಿಸಿತು. ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ಹಾಸಿಗೆಯ ಮೇಲೇ ಹಲಗೆ ಇಟ್ಟುಕೊಂಡು ಬರೆದಳು. ಹೆಸರು, ಮನೆ, ಕೆಲಸ, ನಮ್ಮ ಗಲ್ಲಿಯನ್ನು ಮೂರು ವಾರ್ಡಿಗೆ ಹಂಚಬಾರದು, ಯಾಕೆ ಹಂಚಬಾರದು. ಬರೆದ ಹಾಗೆ ಒಬ್ಬೊಬ್ಬರೇ ಬಂದು ಹೆಬ್ಬೆಟ್ಟು ಒತ್ತಿದರು. ಹಿಂದಿನ ಸಾಲಿನ ದಾರದ ಚಿಕ್ಕಿ ತಮ್ಮವರನ್ನೆಲ್ಲ ಕರೆತಂದು, ಅವರ ಮಾತನ್ನು ಸೂಜಿಗೆ ತಿಳಿಯುವ ಹಾಗೆ ತಿರುಗಿಸಿ ಹೇಳಿದಳು. ಇನ್ನೂರಾ ಹನ್ನೆರಡು ಹಾಳೆಯಾಯಿತು. ಮೊದಲ ಹಾಳೆಗೂ ಕೊನೆಯದಕ್ಕೂ ಒಂದಿಷ್ಟೂ ವ್ಯತ್ಯಾಸವಿಲ್ಲ, ಒಂದೇ ಅಳತೆಯ ಹೊಲಿಗೆಯ ಹಾಗೆ.

ಶುಕ್ರವಾರ ಹನ್ನೊಂದು ಗಂಟೆಗೆ ದೊಡ್ಡಕ್ಕ, ಸೂಜಿ ಇಬ್ಬರೂ ಕಟ್ಟನ್ನು ನಗರಸಭೆಯ ಗುಮಾಸ್ತರ ಮೇಜಿನ ಮೇಲಿಟ್ಟರು. ಗುಮಾಸ್ತರು ಒಂದು ಹಾಳೆ ನೋಡಿದರು. ಎರಡನೆಯದು ನೋಡಿದರು. ಕಟ್ಟಿನ ನಡುವಿನಿಂದ ಒಂದು ಎಳೆದು ನೋಡಿದರು.

“ಯಾರು ಬರೆದಿದ್ದು?”

ಸೂಜಿ ತಲೆ ತಗ್ಗಿಸಿದಳು.

“ಎಲ್ಲಾ ನೀನೇನಾ? ಅಕ್ಷರ ಚೆನ್ನಾಗಿದೆ.” ಅವರು ರಿಜಿಸ್ಟರು ತೆರೆದು ಒಂದು ಸಾಲು ಬರೆದರು. “ಆಯ್ತು. ಆಕ್ಷೇಪಣೆ ಒಂದು.”

“ಒಂದಲ್ಲ ಸ್ವಾಮಿ, ಇನ್ನೂರಾ ಹನ್ನೆರಡು!” ದೊಡ್ಡಕ್ಕ ಹಾರಿಬಿದ್ದಳು.

“ಒಂದೇ ಕೈಬರಹ, ಒಂದೇ ವಿಷಯ. ನಿಯಮದ ಪ್ರಕಾರ ಒಬ್ಬರದ್ದೇ ಆಕ್ಷೇಪಣೆ.”

“ಹೆಬ್ಬೆಟ್ಟು ಬೇರೆ ಬೇರೆ ಇಲ್ವಾ?”

“ಹೆಬ್ಬೆಟ್ಟು ಪರೀಕ್ಷೆ ಮಾಡೋರು ಇಲ್ಲಿ ಯಾರೂ ಇಲ್ಲಮ್ಮ. ಇದನ್ನೆಲ್ಲ ನೀವೇ ಕೂತು ಒತ್ತಿಲ್ಲ ಅಂತ ಏನು ಗ್ಯಾರಂಟಿ? ನೀವೇ ತಾನೆ ಸೀಟು ಕಳ್ಕೊಳ್ಳೋರು?”

ದೊಡ್ಡಕ್ಕ ಕಟ್ಟನ್ನು ಮತ್ತೆ ಗುಮಾಸ್ತರತ್ತ ನೂಕಿದಳು. ಸೂಜಿಯ ಕಣ್ಣು ಮೇಜಿನ ಆ ತುದಿಯಲ್ಲಿತ್ತು. ಅಲ್ಲಿ ಇನ್ನೊಂದು ತೆಳ್ಳನೆಯ ಕಟ್ಟು. ಮೇಲೆ ‘ಗುಡ್ಡದ ನಿವಾಸಿಗಳು, ನಕ್ಷೆಗೆ ಬೆಂಬಲ ಪತ್ರ, ೩೧’ ಎಂಬ ಚೀಟಿ. ಫ್ಯಾನಿನ ಗಾಳಿಗೆ ಹಾಳೆಗಳು ಏಳುತ್ತಿದ್ದವು. ಎಲ್ಲದರಲ್ಲೂ ಅದೇ ಅಚ್ಚು, ಅದೇ ಸಾಲು. ಕೆಳಗಿನ ರುಜು ಮಾತ್ರ ಬೇರೆ.

“ಸಾರ್,” ಎಂದಳು. ಧ್ವನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. “ಸಾರ್, ಅವೂ ಎಲ್ಲಾ ಒಂದೇ ತರ ಇವೆ. ಅವಕ್ಕೆ ಮೂವತ್ತೊಂದು ಅಂತ ಬರೆದಿದ್ದೀರಿ.”

ಗುಮಾಸ್ತರು ಕಟ್ಟನ್ನು ಮಗುಚಿಟ್ಟರು. “ಅದು ಪ್ರಿಂಟು. ಪ್ರಿಂಟಿಗೆ ಕೈಬರಹ ಎಲ್ಲಿಂದ ಬರುತ್ತೆ? ನೋಡಮ್ಮ, ವಾದ ಬೇಡ. ನಿಮ್ಮವರಿಗೆ ನಿಜವಾಗ್ಲೂ ಆಕ್ಷೇಪಣೆ ಇದ್ರೆ ಅವರವರೇ ಬಂದು, ನನ್ನ ಮುಂದೆ, ಅವರವರ ಕೈಯಾರೆ ಬರೆದು ಕೊಡಲಿ. ಐದು ಗಂಟೆವರೆಗೆ ಟೈಮಿದೆ.”

ಅವರು ನಗುತ್ತಾ ಹೇಳಿದರು. ಹಾಸಿಗೆ ಗಲ್ಲಿಯವರಿಗೆ ಬರಹ ಬಾರದು ಎಂದು ಊರಿಗೆಲ್ಲ ಗೊತ್ತಿತ್ತು.

ಸೂಜಿ ದಾರಿಯುದ್ದಕ್ಕೂ ದೊಡ್ಡಕ್ಕನಿಗಿಂತ ಮುಂದೆ ನಡೆದಳು. ತನ್ನ ಚಂದದ ಅಕ್ಷರವೇ ಇನ್ನೂರಾ ಹನ್ನೊಂದು ಜನರ ಬಾಯಿ ಮುಚ್ಚಿಸಿತ್ತು. ಕೋಣೆಗೆ ಬಂದವಳು ಯಾರಿಗೂ ಏನೂ ಹೇಳದೆ ಹಿಂಜುವ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿಬಿಟ್ಟಳು. ಹಗಲು ಹೊತ್ತಿನಲ್ಲಿ ಅದು ನಿಂತದ್ದನ್ನು ಗಲ್ಲಿ ನೋಡಿರಲಿಲ್ಲ. ಮೂರೂ ಸಾಲಿನಿಂದ ಜನ ಹೊರಗೆ ಬಂದರು. ಯಾರಾದರೂ ಸತ್ತರೇ ಎಂದು ಕೇಳಿದರು.

“ಎಲ್ಲರೂ ಬನ್ನಿ,” ಎಂದಳು ಸೂಜಿ. “ಬರೀಬೇಕು.”

“ನಾವಾ?”

“ನೀವೇ. ಎರಡೇ ಮಾತು. ನಾನು ತೋರಿಸ್ತೀನಿ.”

ಒಂದೂವರೆಗೆ ನಗರಸಭೆಯ ಜಗುಲಿಯ ತುಂಬ ಹತ್ತಿ ಮೆತ್ತಿದ ತಲೆಗಳು. ಗುಮಾಸ್ತರ ನಗು ಇಳಿಯಿತು. ಒಬ್ಬೊಬ್ಬರಾಗಿ ಬನ್ನಿ, ಒಂದೇ ಮೇಜು, ಒಂದೇ ಪೆನ್ನು ಎಂದರು. ಬರಹ ಬಲ್ಲ ಒಂಬತ್ತು ಜನರನ್ನು ಸೂಜಿ ಮೊದಲು ನುಗ್ಗಿಸಿದಳು. ಉಳಿದವರಿಗಾಗಿ ಒಂದು ಹಾಳೆಯಲ್ಲಿ ದಪ್ಪಗೆ ಬರೆದು ಗೋಡೆಗೆ ಒತ್ತಿ ಹಿಡಿದು ನಿಂತಳು: ಗಲ್ಲಿ ಒಡೆಯಬೇಡಿ. ಸಾಲಿನಲ್ಲಿ ಇದ್ದವರು ನೆಲದ ಧೂಳಿನ ಮೇಲೆ ಬೆರಳಲ್ಲಿ ತಿದ್ದುತ್ತಾ ಮುಂದೆ ಸರಿದರು.

“ಇದರ ಹೊಟ್ಟೆ ಕೆಳಗೆ ಮರಿ ಯಾಕೆ ನೇತಾಡ್ತಿದೆ?” ಬಿಲ್ಲಜ್ಜ ಕೇಳಿದ.

“ಅದು ಒತ್ತಕ್ಷರ ಅಜ್ಜ. ಅದೂ ಬೇಕು.”

“ಬಿಟ್ರೆ ನಡೆಯಲ್ವಾ?”

“ಬಿಟ್ರೆ ನಮ್ಮ ಗಲ್ಲಿ ಆಗಲ್ಲ.”

“ಹಾಗಾದ್ರೆ ಇರಲಿ ಬಿಡು, ಹೊತ್ಕೋತೀನಿ.” ಅಜ್ಜ ಪೆನ್ನನ್ನು ಉಳಿಯ ಹಾಗೆ ಹಿಡಿದು, ಹಾಳೆ ಮೂರು ಕಡೆ ಹರಿದು, ಬೆವರಿ, ಮುಗಿಸಿದ. ಬಿಲ್ಲು ಎಷ್ಟೋ ವಾಸಿ ಎಂದ. ದಾರದ ಚಿಕ್ಕಿ ತಮ್ಮ ಭಾಷೆಯ ಲಿಪಿಯಲ್ಲಿ ಬರೆಯಲೇ ಎಂದು ಕೇಳಿದಳು. ಗುಮಾಸ್ತರು ಆಗದೆಂದರು. ಅವಳು ಗೋಡೆಯ ಹಾಳೆಯನ್ನು ಒಂದು ಸಲ ನೋಡಿ, ದಾರ ಸುತ್ತುವ ಹಾಗೆ ಕೈ ಎತ್ತದೆ ಬರೆದುಕೊಟ್ಟಳು.

ಹೊತ್ತು ಓಡಿತು. ಮೂರೂವರೆಗೆ ಮೂವತ್ತೆಂಟು. ನಾಲ್ಕೂಕಾಲಿಗೆ ಐವತ್ತೊಂದು. ಸೂಜಿ ಗಡಿಯಾರ ನೋಡುತ್ತಾಳೆ, ಸಾಲು ನೋಡುತ್ತಾಳೆ, ಮತ್ತೆ ಗಡಿಯಾರ. ನಾಲ್ಕೂ ಐವತ್ತಕ್ಕೆ ಅಮ್ಮ ಕಾಣಿಸಿದಳು. ಜಗುಲಿಯ ಏಳು ಮೆಟ್ಟಿಲನ್ನು ಕೂತು ಕೂತು ಹತ್ತಿ ಬಂದಿದ್ದಳು. ಸಾಲಿನವರು ದಾರಿ ಬಿಟ್ಟರು. ಶುಕ್ರವಾರ. ಮುಖವಾಡಕ್ಕೆ ಹೋಗಬೇಕಾದ ಹೊತ್ತು ಅದು. ತುಟಿ ನೀಲಿಗಟ್ಟಿತ್ತು.

“ಅಮ್ಮ, ನೀನು ಆಸ್ಪತ್ರೆಗೆ ಹೋಗು.”

“ಅದು ಅಲ್ಲೇ ಇರಲಿ ಅಂತ ತಾನೇ ಬಂದಿದ್ದು? ಪೆನ್ನು ಕೊಡು.”

ಅಮ್ಮ ಒಂದು ಅಕ್ಷರ ಬರೆದಳು. ನಿಂತು ಉಸಿರು ಎಳೆದಳು. ಇನ್ನೊಂದು ಬರೆದಳು. ‘ಒಡೆಯ’ ಎನ್ನುವಲ್ಲಿಗೆ ಬಂದಾಗ ಗುಮಾಸ್ತರು ರಿಜಿಸ್ಟರು ಮುಚ್ಚಿದರು.

“ಐದಾಯ್ತು. ಅರವತ್ತಮೂರು. ಮುಗೀತು, ಎಲ್ಲ ಹೊರಡಿ.”

ಸಾಲಿನಲ್ಲಿ ಇನ್ನೂ ನೂರೈವತ್ತು ಜನ ಇದ್ದರು. ಯಾರೂ ಅಲ್ಲಾಡಲಿಲ್ಲ. ಎಲ್ಲರೂ ಸೂಜಿಯ ಮುಖ ನೋಡಿದರು. ಅವಳು ಗೋಡೆಯ ಹಾಳೆಯನ್ನು ದೊಡ್ಡಕ್ಕನ ಕೈಗೆ ಕೊಟ್ಟು ಮೇಜಿನ ಮುಂದೆ ಬಂದು ನಿಂತಳು.

“ವೋಟಿನ ದಿನ ಟೈಮ್ ಮುಗಿದ್ರೂ ಸಾಲಲ್ಲಿ ನಿಂತೋರಿಗೆ ಚೀಟಿ ಕೊಟ್ಟು ವೋಟು ಹಾಕಿಸ್ತೀರಲ್ಲ ಸಾರ್?”

“ಇದೇನು ವೋಟೇನಮ್ಮ?”

“ವೋಟು ಕಿತ್ಕೊಳ್ಳೋದು. ಕೊಡೋಕೆ ಒಂದು ನಿಯಮ, ಕಿತ್ಕೊಳ್ಳೋಕೆ ಒಂದು ನಿಯಮಾನಾ?”

ಅಷ್ಟುದ್ದದ ಮಾತು ಅವಳ ಬಾಯಲ್ಲಿ ಗಲ್ಲಿಯವರು ಯಾರೂ ಕೇಳಿರಲಿಲ್ಲ. ಗುಂಡಿಯಕ್ಕ ಹಿಂದಿನಿಂದ “ಹಂಗೆ ಕೇಳು” ಎಂದಳು. ಗುಮಾಸ್ತರು ಒಳಗಿನ ಕೋಣೆಯ ಕಡೆ ನೋಡಿದರು. ಸಾಹೇಬರು ಪರದೆ ಸರಿಸಿ ಜಗುಲಿ ನೋಡಿ, ಗೇಟಿನವನನ್ನು ಕರೆಸಿ ಎಂದಷ್ಟೇ ಹೇಳಿ ಪರದೆ ಎಳೆದುಕೊಂಡರು. ಗೇಟಿನವ ಬಂದ. ಕೋಲು ನೆಲಕ್ಕೆ ಕುಟ್ಟಿದ. ಸಾಲು ನಿಂತಲ್ಲೇ ಕೂತಿತು. ಇಷ್ಟು ಜನರನ್ನು ಎತ್ತಿ ಹಾಕುವುದು ಒಬ್ಬನ ಕೈಯಲ್ಲಿ ಆಗುವ ಮಾತಲ್ಲ ಎಂದು ಅವನಿಗೆ ಗೊತ್ತಾಯಿತು. ಕೋಲನ್ನು ಗೋಡೆಗೆ ಒರಗಿಸಿದ.

ಇದ್ಯಾವುದೂ ಅಮ್ಮನಿಗೆ ಬೇಕಿರಲಿಲ್ಲ. ಮೇಜಿನ ಮೇಲೆ ಬಗ್ಗಿ ಬರೆಯುತ್ತಿದ್ದಳು. ಕೊನೆಯ ಗುಡಿಸು ಎಳೆದು, ಪೆನ್ನು ಕೆಳಗಿಡದೆ ಹಿಂದಿದ್ದವಳ ಕೈಗೆ ದಾಟಿಸಿದಳು. ಹಾಳೆಯನ್ನು ಗುಮಾಸ್ತರ ಮುಂದೆ ಚಾಚಿದಳು.

“ತಗೊಳ್ಳಿ.”

ಗುಮಾಸ್ತರು ರಿಜಿಸ್ಟರನ್ನು ಎದೆಗೆ ಅವಚಿಕೊಂಡರು. “ಟೈಮ್ ಆಯ್ತು ಅಂದೆನಲ್ಲಮ್ಮ.”

“ನನಗೆ ಅವಸರ ಇಲ್ಲ.”

ಅವಳ ಎದೆಯಿಂದ ಸೀಟಿಯಂಥ ಸದ್ದು ಹೊರಡುತ್ತಿತ್ತು. ಸೂಜಿ ಹೋಗಿ ಅಮ್ಮನ ಮೊಣಕೈಗೆ ತನ್ನ ಅಂಗೈ ಆನಿಸಿ ಹಿಡಿದಳು. ಪಕ್ಕದಲ್ಲಿ ಪೆನ್ನು ಹಾಳೆಯ ಮೇಲೆ ಕರಕರ ಓಡುತ್ತಿತ್ತು. ಮುಗಿಸಿದವಳು ತನ್ನ ಹಾಳೆಯನ್ನೂ ಚಾಚಿದಳು. ಅವಳ ಹಿಂದಿನವನೂ ಚಾಚಿದ. ಗಡಿಯಾರದಲ್ಲಿ ಐದು ದಾಟಿ ಇಪ್ಪತ್ತು ನಿಮಿಷ. ಗುಮಾಸ್ತರು ತೆಗೆದುಕೊಳ್ಳಲಿಲ್ಲ. ಇವರು ಕೈ ಇಳಿಸಲಿಲ್ಲ.