ಕಬ್ಬಿನ ಗದ್ದೆಗೆ ಬಿದ್ದ ಗುಂಡು

ಹದಿನಾರು ಎಂಬ ಊರಿನ ಕಬ್ಬಿನ ಗದ್ದೆಯಲ್ಲಿ ಆ ಗುಂಡನ್ನು ಮೊದಲು ಕಂಡವಳು ರುದ್ರಮ್ಮ. ಎಮ್ಮೆಗೆ ಸೋಗೆ ಕುಯ್ಯಲು ಹೋಗಿದ್ದಳು. ದೊಡ್ಡ ಹಂಡೆಯಷ್ಟು ದಪ್ಪದ, ಸುಟ್ಟು ಕಪ್ಪಾದ ಲೋಹದ ಗುಂಡು ಅರ್ಧ ಮಣ್ಣಲ್ಲಿ ಹೂತಿತ್ತು. ಹಿಂದಿನ ಸಂಜೆ ಆಕಾಶದಲ್ಲಿ ಬೆಂಕಿಯ ಗೆರೆ ಹರಿದದ್ದನ್ನು ಊರೆಲ್ಲ ನೋಡಿತ್ತು. ಕೆಟ್ಟುಹೋದ ಉಪಗ್ರಹವೊಂದು ಬೀಳುತ್ತಿದೆ, ಪೂರ್ತಿ ಗಾಳಿಯಲ್ಲೇ ಉರಿದುಹೋಗುತ್ತದೆ ಎಂದು ಟಿವಿಯವರು ಹೇಳಿದ್ದರು.

ಗಂಡ ಶಂಭುಲಿಂಗಪ್ಪ ಬಂದು ನೋಡಿದ. "ಮುಟ್ಟೋದ್ ಬ್ಯಾಡ ಕಣಮ್ಮಿ, ಪೊಲೀಸ್ನೋರ್ಗೆ ಫೋನ್ ಮಾಡಾನ" ಅಂದ.

"ಅವ್ರು ಎತ್ಕೊಂಡೋಯ್ತಾರೆ ಅಷ್ಟೆ. ಮನೆಗ್ ತನ್ನಿ, ಮಧ್ಯಕ್ ಕುಯ್ಸುದ್ರೆ ಎಮ್ಮೆಗೆ ಮುಸುರೆ ಬಾನಿ ಆಯ್ತದೆ."

ಮೂವತ್ತು ವರ್ಷದಲ್ಲಿ ಅವಳ ಮಾತು ತೆಗೆದುಹಾಕಿದವನಲ್ಲ ಅವನು. ಬೈಕಿನ ಹಿಂದೆ ಕಟ್ಟಿ ತಂದ.

ಹಿತ್ತಲಲ್ಲಿ ಕೂತು, ಗುಂಡಿಗಂಟಿದ್ದ ಮೋಟು ಪೈಪಿಗೆ ಸುತ್ತಿಗೆಯಿಂದ ಹೊಡೆದ. ನಾಲ್ಕನೇ ಏಟಿಗೆ ಪೈಪು ಮುರಿದು ಬುಸ್ಸೆಂದು ಬಿಳಿ ಹೊಗೆ ಅವನ ಮುಖಕ್ಕೇ ನುಗ್ಗಿತು. ಕೊಳೆತ ಮೀನಿನ ವಾಸನೆ. "ಏನೂ ಆಗ್ನಿಲ್ಲ ಕಣಮ್ಮಿ" ಎಂದು ಕಣ್ಣುಜ್ಜಿಕೊಳ್ಳುತ್ತ ನಕ್ಕ. ಸಂಜೆಗೆ ಉಸಿರೆಳೆಯಲಾರದೆ ಒದ್ದಾಡತೊಡಗಿದ. ನಂಜನಗೂಡಿನ ಡಾಕ್ಟರು ಮೈಸೂರಿಗೆ ಕಳಿಸಿದರು. ಮೂರನೇ ದಿನ ಹೋಗಿಬಿಟ್ಟ.

ಮಣ್ಣು ಮಾಡಿದ ಮಾರನೇ ದಿನ ಮುಖಕ್ಕೆ ಮಾಸ್ಕು, ಕೈಗೆ ದಪ್ಪ ಗ್ಲೌಸು ಹಾಕಿಕೊಂಡು ಅಧಿಕಾರಿಗಳು ಬಂದರು. ಒಳಗೆ ಉಳಿದಿದ್ದ ಇಂಧನ ಘೋರ ವಿಷ ಅಂದರು. ಗುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೀಪಿಗೇರಿಸಿದರು.

"ಯಾರ್ದು ಸಾ ಅದು?" ರುದ್ರಮ್ಮ ಕೇಳಿದಳು.

"ಹೊರದೇಶದ್ದಮ್ಮ. ಕೆಟ್ಟು ಹನ್ನೆರಡು ವರ್ಷ ಆಗಿತ್ತು. ಹಾರಿಸಿದ ಕಂಪನಿಯೇ ಈಗಿಲ್ಲ."

ಶಾಪ ಹಾಕೋಣವೆಂದರೂ ಯಾರೂ ಉಳಿದಿರಲಿಲ್ಲ, ಅವಳೊಬ್ಬಳನ್ನು ಬಿಟ್ಟು.

ತಿ. ನರಸೀಪುರಕ್ಕೆ ಕೊಟ್ಟಿದ್ದ ಮಗಳು ಮಧುಶ್ರೀ ಅಳುತ್ತಲೇ ಇದ್ದಳು. "ಅಪ್ಪ ದಾರೀಲಿ ಬಿದ್ದಿದ್ ಒಂದ್ ಮೊಳೇನೂ ಎತ್ತಿದೋರಲ್ಲ. ಇದನ್ಯಾಕವ್ವ ತಂದ್ರು?"

ರುದ್ರಮ್ಮ ಸುಳ್ಳು ಹೇಳಬಹುದಿತ್ತು. ಗದ್ದೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಾನೇ ತನ್ನಿ ಅಂದೆ ಕಣವ್ವ. ಅವ್ರು ಬ್ಯಾಡ ಅಂದ್ರು."

ಮಧುಶ್ರೀಯ ಅಳು ನಿಂತಿತು. ಹನ್ನೊಂದನೇ ದಿನದ ಕಾರ್ಯ ಮುಗಿಸಿ, ಮಗುವನ್ನೆತ್ತಿಕೊಂಡು ಬಸ್ಸು ಹತ್ತಿದಳು. ಯುಗಾದಿಗೂ ಬರಲಿಲ್ಲ.

ಫೋನ್ ಮಾಡಿದರೆ ಅಳಿಯ ಎತ್ತುತ್ತಾನೆ. "ಕೆಲ್ಸದಲ್ಲವಳೆ ಅತ್ತೆ" ಅನ್ನುತ್ತಾನೆ. ಹಿಂದೆ ಪಾತ್ರೆಯ ಸದ್ದು, ಮೊಮ್ಮಗಳ ಕೇಕೆ ಕೇಳಿಸುತ್ತದೆ. ಅವನಾಗಿ ಕಟ್ ಮಾಡುವ ತನಕ ರುದ್ರಮ್ಮ ಫೋನನ್ನು ಕಿವಿಯಿಂದ ತೆಗೆಯುವುದಿಲ್ಲ.