ಬಲಗಡೆಯ ಮೆಟ್ಟಿಲು

ನಿಲುವಂಗಿ ತೊಟ್ಟು ನೀರಿಗೆ ಇಳಿದವರಿಗೇ ಗೊತ್ತು, ಬಟ್ಟೆಗೆ ನಾಚಿಕೆ ಅನ್ನುವುದೇ ಇಲ್ಲ. ಮೊಣಕಾಲಿನವರೆಗೆ ನೀರು ಬಂದರೆ ಸಾಕು, ಒಳಗೆ ಗಾಳಿ ತುಂಬಿಕೊಂಡು ಕೊಡೆಯ ಹಾಗೆ ಅರಳಿ ಮೇಲೆದ್ದುಬಿಡುತ್ತದೆ. ಅದಕ್ಕೇ ನಮ್ಮ ಚರ್ಚಿನಲ್ಲಿ ದೀಕ್ಷಾಸ್ನಾನಕ್ಕೆ ಇಳಿಯುವ ಹೆಂಗಸರ ನಿಲುವಂಗಿಯ ಅಂಚನ್ನು ಮಡಿಚಿ, ಮೀನಿನ ಬಲೆಗೆ ಕಟ್ಟುವಂಥ ಸೀಸದ ಗುಂಡುಗಳನ್ನು ಒಳಗಿಟ್ಟು ಹೊಲಿಯುತ್ತಾರೆ. ಗಂಡಸರು ಒಳಗೆ ಪ್ಯಾಂಟು ಹಾಕಿಕೊಳ್ಳುವುದರಿಂದ ಅವರದಕ್ಕೆ ಗುಂಡು ಬೇಡ. ಮಿಕ್ಕಂತೆ ಎರಡೂ ಒಂದೇ. ಅದೇ ಬಿಳಿ ಬಟ್ಟೆ, ಅದೇ ಕತ್ತು, ಅದೇ ತೋಳು.

ಒಂಬತ್ತು ವರ್ಷದಿಂದ ಅವನ್ನು ಹೊಲಿಯುತ್ತಿದ್ದವಳು ನನ್ನ ಸೋದರತ್ತೆ.

ಅತ್ತೆ ಹುಟ್ಟಿದಾಗ ಸೂಲಗಿತ್ತಿ ಗಂಡು ಎಂದು ಕೂಗಿ ಹೇಳಿದ್ದಳಂತೆ. ಇಪ್ಪತ್ತು ವರ್ಷ ಎಲ್ಲರೂ ಅದನ್ನೇ ನಂಬಿದ್ದರು, ಅತ್ತೆ ಒಬ್ಬಳನ್ನು ಬಿಟ್ಟು. ಒಂದು ದಿನ ಅವಳು ಬಾಯಿಬಿಟ್ಟು ಹೇಳಿದಾಗ ಮನೆಯಲ್ಲಿ ರಂಪವಾಯಿತು. ನನ್ನಪ್ಪ ಮೂರು ದಿನ ಊಟ ಬಿಟ್ಟ. ನಾಲ್ಕನೆಯ ದಿನ ಅಜ್ಜಿ ಅವನ ಮುಂದೆ ತಟ್ಟೆ ಇಟ್ಟು, "ನನಗೆ ಮೂರೂ ಗಂಡು ಅಂದ್ಕೊಂಡಿದ್ದೆ. ಎಣಿಕೆ ತಪ್ಪಿತ್ತು. ಎರಡು ಗಂಡು, ಒಂದು ಹೆಣ್ಣು. ಹೆತ್ತವಳೇ ತಪ್ಪೊಪ್ಕೊಂಡ ಮೇಲೆ ನಿಂದೇನೋ ಮಧ್ಯದಲ್ಲಿ? ಉಣ್ಣು" ಅಂದಳಂತೆ. ನಾನು ಮಾತು ಕಲಿಯುವ ಹೊತ್ತಿಗೆ ಅವಳು ಅತ್ತೆಯೇ ಆಗಿದ್ದಳು.

ಅಜ್ಜಿಯ ಕಥೆಗಳಲ್ಲಿ ದೇವರೂ ಹೊಲಿಗೆಯವರ ಮನೆಯ ನೆಂಟ. "ಅವನಿಗೆ ಮೈ ಬೇಕು ಅನ್ನಿಸ್ತಂತೆ. ಬಾಡಿಗೆಗೆ ತಗೊಂಡ್ನಾ? ಇಲ್ಲ. ಒಬ್ಬ ಹುಡುಗಿ ಹೊಟ್ಟೇಲಿ ಒಂಬತ್ತು ತಿಂಗಳು ಕೂತು ಅಳತೆಗೆ ಹೊಲಿಸ್ಕೊಂಡ. ಹಸಿವು, ನಿದ್ದೆ, ಬೆವರು, ಒಂದನ್ನೂ ಬಿಡದೆ ಎಲ್ಲಾ ಹೊಲಿಸ್ಕೊಂಡ. ಸತ್ತು ಎದ್ದು ಬಂದಾಗಲೂ ಕೈಯಲ್ಲಿ ತೂತು ಹಾಗೇ ಇತ್ತು, ರಫೂ ಹಾಕಿಸಿರ್ಲಿಲ್ಲ. ಅದೇ ಮೈಯಲ್ಲಿ ಮೇಲಕ್ಕೆ ಹೋದ. ಅಂದ್ಮೇಲೆ ಮೈ ಅಂದ್ರೆ ಅವನಿಗೆ ಅಸಡ್ಡೆ ಅಂತ ಯಾವನು ಹೇಳಿದ್ದು?"

ಚರ್ಚಿನಲ್ಲಿ ಅತ್ತೆಗೆ ಯಾರೂ ಕೆಟ್ಟ ಮಾತು ಆಡಿದವರಲ್ಲ. ಅವಳು ಹೊಲಿದ ಪರದೆ ಕಿಟಕಿಗೆ ಬೇಕು, ಅವಳು ಮಾಡಿದ ಚಹಾ ಎಲ್ಲರಿಗೂ ಬೇಕು. ಆದರೆ ದೀಕ್ಷಾಸ್ನಾನದ ತೊಟ್ಟಿಗೆ ಎರಡು ಮೆಟ್ಟಿಲುಸಾಲು. ಎಡಗಡೆಯದು ಗಂಡಸರಿಗೆ, ಹತ್ತಿದರೆ ಗಂಡಸರು ಬಟ್ಟೆ ಬದಲಾಯಿಸುವ ಕೋಣೆ. ಬಲಗಡೆಯದು ಹೆಂಗಸರಿಗೆ, ಅಲ್ಲಿ ಅವರ ಕೋಣೆ. ಬಲಗಡೆಯಿಂದ ಇಳಿಯಲೇ ಎಂದು ಅತ್ತೆ ಕೇಳಿದರೆ, ಸಭೆಯ ಹಿರಿಯರಾದ ಗಡಿಯಾರ ತಾತ ಪ್ರತಿ ವರ್ಷ ಅದೇ ಉತ್ತರ ಹೇಳುತ್ತಿದ್ದರು. ಊರಿನ ಗಡಿಯಾರಗಳನ್ನೆಲ್ಲ ಬಿಚ್ಚಿ ಜೋಡಿಸಿದ ಮನುಷ್ಯ, ಯಾವ ಹಲ್ಲು ಯಾವ ಚಕ್ರಕ್ಕೆ ಎಂಬುದರಲ್ಲಿ ಸಂಶಯ ಇಟ್ಟುಕೊಳ್ಳದವರು. "ನಾವೇನು ಬೇಡ ಅಂದಿಲ್ಲಮ್ಮ. ಬಾ, ತಗೋ. ಎಡಗಡೆಯಿಂದ ಇಳಿ ಅಷ್ಟೆ. ಕ್ರಮ ಅಂತ ಒಂದಿದೆ." ಅಮ್ಮ ಎಂದೇ ಕರೆದು ಎಡಕ್ಕೆ ಕಳಿಸುವುದು ಅವರಿಗೆ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಒದ್ದೆ ನಿಲುವಂಗಿ ಮೈಗೆ ಅಂಟಿರುವಾಗ ಗಂಡಸರ ಕೋಣೆಗೆ ಹೋಗಿ ನಿಲ್ಲಬೇಕು. ಅದನ್ನು ನೆನೆದೇ ಅತ್ತೆ ಎಂಟು ವರ್ಷ ಹಿಂದಿನ ಬೆಂಚಿನಲ್ಲಿ ಉಳಿದಳು.

ಈ ವರ್ಷ ಅವಳು ಸೋತಳು. ಅಜ್ಜಿಗೆ ಎಂಬತ್ತಾರು ದಾಟಿತ್ತು, ಕಣ್ಣು ಮಂಜಾಗುತ್ತಿತ್ತು. ತನ್ನ ದೀಕ್ಷೆಯನ್ನು ಅವಳು ನೋಡಲೆಂದು ಅತ್ತೆ, "ಎಡವೋ ಬಲವೋ, ನೀರು ಒಂದೇ ಅಲ್ವಾ" ಎಂದು ಹೇಳಿ ಹೆಸರು ಕೊಟ್ಟು ಬಂದಳು. ಅಜ್ಜಿ ಖುಷಿಪಡಲಿಲ್ಲ. "ನನ್ನ ಕಣ್ಣಿಗೋಸ್ಕರ ನೀನು ಸುಳ್ಳು ಇಳೀಬೇಡ ಕಣೇ" ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಮಾರನೆಯ ದಿನ ಪಟ್ಟಿ ಬಂತು: ಗಂಡಸರು ನಾಲ್ಕು, ಹೆಂಗಸರು ಮೂರು. ನಾಲ್ಕನೆಯ ಗಂಡಸಿನ ಮುಂದೆ ಅತ್ತೆಯ ಹಳೆಯ ಹೆಸರು.

ಶನಿವಾರ ಏಳೂ ನಿಲುವಂಗಿಗಳ ಅಂಚು ಮಡಿಚುವ ಕೆಲಸ ನನಗೆ ಬಿತ್ತು. ಅತ್ತೆ ಕೊರಳಪಟ್ಟಿಯಲ್ಲಿ ಮುಳುಗಿದ್ದಳು. ನನ್ನ ತಲೆಯಲ್ಲಿ ಅಜ್ಜಿಯ ಇನ್ನೊಂದು ಕಥೆ ಓಡುತ್ತಿತ್ತು: ರಾಣಿಯ ಖಜಾನೆ ಕಾಯುತ್ತಿದ್ದ, ಗಂಡಸರ ಸಾಲಿಗೂ ಹೆಂಗಸರ ಸಾಲಿಗೂ ಸೇರದ ಒಬ್ಬ ಮನುಷ್ಯ ರಥ ನಿಲ್ಲಿಸಿ, ದಾರಿಬದಿಯ ನೀರಿಗೆ ಇಳಿದು ದೀಕ್ಷೆ ಪಡೆದ ಕಥೆ. ಚಿಕ್ಕವಳಿದ್ದಾಗ, "ಆ ನೀರಿಗೆ ಮೆಟ್ಟಿಲು ಎಷ್ಟಿತ್ತಜ್ಜಿ?" ಅಂತ ಕೇಳಿದ್ದೆ. "ದಾರಿಬದಿ ನೀರಿಗೆ ಮೆಟ್ಟಿಲು ಯಾರೇ ಕಟ್ತಾರೆ, ಪೆದ್ದಿ" ಅಂದಿದ್ದಳು. ರಥ, ಧೂಳು, ನೀರಿನ ತಣ್ಣನೆ ವಾಸನೆ ಎಂದೆಲ್ಲ ನಾನು ತೇಲುತ್ತಿರುವಾಗ ಕೈಗೆ ಮೊದಲು ಸಿಕ್ಕಿದ್ದು ಅತ್ತೆಯ ಅಳತೆಯ ನಿಲುವಂಗಿ. ಅತ್ತೆಯದಲ್ಲವೇ ಎಂದು ಗುಂಡು ಹಾಕಿದೆ. ಆಮೇಲೆ ಕೈ ನಿಲ್ಲಲಿಲ್ಲ. ಗುಂಡಿನ ಡಬ್ಬಿ ಖಾಲಿಯಾದಾಗಲೂ ನನಗೆ ಏನೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ತೊಟ್ಟಿಯ ಮೇಲಿನ ಹಲಗೆ ತೆಗೆದಿದ್ದರು. ಪಾಸ್ಟರ್ ಆಗಲೇ ಸೊಂಟದ ನೀರಲ್ಲಿ ನಿಂತಿದ್ದರು. ಹೊಸಬರು, ಮೀಸೆ ಇನ್ನೂ ಸರಿಯಾಗಿ ಬಂದಿರದ ವಯಸ್ಸು. ಗಡಿಯಾರ ತಾತ ಎಂದಿನಂತೆ ನಿಲುವಂಗಿಗಳ ಅಂಚು ಮುಟ್ಟಿ, ಗುಂಡಿದ್ದರೆ ಬಲಗಡೆಯ ಗೂಟಕ್ಕೆ, ಇಲ್ಲದಿದ್ದರೆ ಎಡಗಡೆಯ ಗೂಟಕ್ಕೆ ಹಾಕತೊಡಗಿದರು. ಒಂದು ಬಲಕ್ಕೆ. ಎರಡು, ಮೂರು. ನಾಲ್ಕನೆಯದೂ ಬಲಕ್ಕೆ ಹೋಯಿತು. ಏಳೂ ಮುಗಿದಾಗ ಎಡಗಡೆಯ ಗೂಟ ಬೋಳಾಗಿತ್ತು.

"ಇದೇನಿದು, ಏಳೂ ಹೆಂಗಸರೇ?"

ಗಂಡಸರ ಸಾಲಿನಲ್ಲಿದ್ದ ಪ್ಲಂಬರ್ ತನ್ನ ಹೊಟ್ಟೆ ಸವರಿಕೊಂಡ. "ನನಗೂ ಐದಾರು ತಿಂಗಳಿಂದ ಅನುಮಾನ ಇತ್ತು ತಾತ."

ಬೆಂಚುಗಳಲ್ಲಿ ನಗು ಹರಿಯಿತು. ನಾನು ಎದ್ದು ನಿಂತೆ. "ನಾನೇ ತಾತ, ತಪ್ಪಾಯ್ತು, ಏನೋ ಯೋಚನೆ ಮಾಡ್ತಾ..." ಎಂದೆ.

"ಕನಸುಗಣ್ಣಿ" ಎಂದರು ತಾತ, ಸಿಟ್ಟಿಲ್ಲದೆ. "ಇರಲಿ. ನಾಲ್ಕರದು ಬಿಚ್ಚಿದ್ರಾಯ್ತು. ಎಲ್ಲಿದೆಯಮ್ಮ ನಿನ್ನ ಕತ್ತರಿ?"

ಕೊನೆಯ ಮಾತು ಅತ್ತೆಗೆ. ಅವಳ ಚೀಲದಲ್ಲಿ ಸಣ್ಣ ಕತ್ತರಿ ಯಾವಾಗಲೂ ಇರುತ್ತದೆ. ತೆಗೆದಳು. ಮೊದಲ ನಿಲುವಂಗಿ ಮಡಿಲಿಗೆ ಹಾಕಿಕೊಂಡಳು. ಅದು ಅವಳದೇ. ಕತ್ತರಿಯ ತುದಿ ಮೊದಲ ಹೊಲಿಗೆಯ ಕೆಳಗೆ ಹೋಗಿ ಅಲ್ಲೇ ನಿಂತಿತು. ಪಾಸ್ಟರ್ ನೀರಿನಲ್ಲಿ ಕಾಲು ಬದಲಿಸಿದ ಸದ್ದೂ ಕೇಳಿಸಿತು.

ಆಮೇಲೆ ಕತ್ತರಿಯನ್ನು ಹಿಂದಕ್ಕೆ ಎಳೆದು ಬೆಂಚಿನ ಮೇಲಿಟ್ಟಳು.

"ಬಿಚ್ಚಲ್ಲ ತಾತ."

"ಯಾಕಮ್ಮ?"

"ಒಂಬತ್ತು ವರ್ಷ ಯಾರು ಯಾವ ಕಡೆ ಇಳೀಬೇಕು ಅಂತ ನೀವು ಹೇಳಿದ್ರಿ ಅಂದ್ಕೊಂಡಿದ್ದೆ. ಆ ಗುರುತು ಹೊಲಿದು ಕೊಟ್ಟಿದ್ದು ನಾನೇ. ನನ್ನ ಕೈಯಿಂದ್ಲೇ ನನ್ನ ಹೊರಗಿಟ್ಕೊಂಡಿದ್ದೆ." ಅವಳ ದನಿ ದಪ್ಪ, ಆಳ. ಸಾಮಾನ್ಯವಾಗಿ ಚರ್ಚಿನಲ್ಲಿ ಪಿಸುಗುಟ್ಟುವವಳು, ಅಂದು ಅದನ್ನು ಇದ್ದ ಹಾಗೇ ಬಿಟ್ಟಳು. "ದೇವರು ಕೊಟ್ಟ ಮೈ ಇದು. ಇದನ್ನ ಅವನ ಮುಂದೆ ಗಂಡಸಿಂದು ಅಂತ ಸುಳ್ಳು ಹೇಳಿ ಇಳಿಸಲ್ಲ. ಇಳಿದ್ರೆ ಬಲಗಡೆಯಿಂದ. ಇಲ್ದಿದ್ರೆ ಇವತ್ತೂ ಹಿಂದಿನ ಬೆಂಚು, ಸಾಯೋವರೆಗೂ ಹಿಂದಿನ ಬೆಂಚು. ಗುಂಡು ಬೇಡ ಅಂದ್ರೆ ನೀವೇ ಬಿಚ್ಚಿ. ತಗೊಳ್ಳಿ."

ಕತ್ತರಿ ಚಾಚಿದಳು. ತಾತ ತೆಗೆದುಕೊಂಡರು. ಕೂದಲೆಳೆಯ ಸ್ಪ್ರಿಂಗು ಬಿಚ್ಚಿದ ಕೈ ಅದು, ಹೊಲಿಗೆ ಯಾವ ಲೆಕ್ಕ? ನಿಲುವಂಗಿ ಎತ್ತಿಕೊಂಡರು, ಅಂಚು ಹಿಡಿದರು. ಅತ್ತೆ ಅವರನ್ನೇ ನೋಡುತ್ತಿದ್ದಳು. ಅವರು ಅಂಚು ನೋಡಿದರು, ಅವಳನ್ನು ನೋಡಿದರು. ಕತ್ತರಿಯ ಬಾಯಿ ತೆರೆದರು, ಮತ್ತೆ ಮುಚ್ಚಿದರು. ಆ ಕೈ ಹಾಗೆ ಹಿಂಜರಿದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ನಂದಂತೂ ಬಿಚ್ಬೇಡಿ" ಎಂದ ಪ್ಲಂಬರ್. ಬಲಗಡೆಯ ಗೂಟದಿಂದ ತನ್ನ ಅಳತೆಯದು ಎಳೆದುಕೊಂಡ. "ನೀರಿನ ಕೆಲಸ ಮಾಡೋನು ನಾನು. ಯಾವ ಪೈಪಿಂದ ಬಂತು ಅಂತ ನೀರು ಕೇಳಲ್ಲ." ನಿಲುವಂಗಿಯನ್ನು ಅಂಗಿಯ ಮೇಲೇ ಹಾಕಿಕೊಂಡು ಬಲಗಡೆಯ ಮೆಟ್ಟಿಲ ಬಳಿ ಹೋಗಿ ನಿಂತ. ಇನ್ನಿಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದರು.

ಹೆಂಗಸರ ಸಾಲಿನ ಮೊದಲಿನವಳು ಒಬ್ಬ ನರ್ಸ್, ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದವಳು. ಅವಳು ತಾತನ ಕೈಯಿಂದ ನಿಲುವಂಗಿಯನ್ನು ಮೆಲ್ಲಗೆ ಬಿಡಿಸಿಕೊಂಡು ಅತ್ತೆಯ ತೋಳು ಹಿಡಿದಳು. "ಬನ್ನಿ ಅಕ್ಕ, ನಮ್ಮ ಕೋಣೇಲಿ ಹಾಕೊಳ್ಳಿ. ಬಂದು ನನ್ನ ಮುಂದೆ ನಿಲ್ಲಿ. ನನಗೆ ನಿದ್ದೆ ಬರ್ತಿದೆ, ತಡ ಮಾಡ್ಬೇಡಿ."

ತಾತ ಪಾಸ್ಟರ್ ಕಡೆ ನೋಡಿದರು. ಪಾಸ್ಟರ್ ನೀರಿನಲ್ಲೇ ತಿರುಗಿ ಬಲಗಡೆಯ ಮೆಟ್ಟಿಲಿಗೆ ಮುಖ ಮಾಡಿ, ಎರಡೂ ಕೈ ಚಾಚಿ ನಿಂತಿದ್ದರು. "ಮೊದಲೇ ನಾನು ಹೇಳ್ಬೇಕಿತ್ತು ತಾತ. ಧೈರ್ಯ ಸಾಲಲಿಲ್ಲ" ಎಂದರು. ಎಡಗಡೆಯ ಗೂಟದ ಪಕ್ಕ ನಾಲ್ಕು ಟವೆಲ್ಲು ಮಡಿಚಿಟ್ಟಿದ್ದವು. ತಾತ ಅವನ್ನು ಎದೆಗವಚಿಕೊಂಡು, ತೊಟ್ಟಿಯ ಸುತ್ತ ನಡೆದು ಬಂದು ಬಲಗಡೆ ನಿಂತರು. ಅಷ್ಟು ದೂರ ನಡೆಯಲು ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಅಷ್ಟರಲ್ಲಿ ಅತ್ತೆ ಬಿಳಿ ನಿಲುವಂಗಿಯಲ್ಲಿ ಹೊರಬಂದಿದ್ದಳು.

ನಾನು ಅಜ್ಜಿಯನ್ನು ಎತ್ತಿ ನಿಲ್ಲಿಸಿದೆ. "ಯಾವ ಕಡೆ?" ಎಂದಳು ಮಂಜುಗಣ್ಣಿನ ಅಜ್ಜಿ.

"ಬಲಗಡೆ ಅಜ್ಜಿ."

"ಹ್ಞೂಂ."

ಅತ್ತೆ ಇಳಿದಳು. ನಿಲುವಂಗಿ ಅರಳಲಿಲ್ಲ, ಅವಳ ಜೊತೆಯೇ ಕೆಳಗಿಳಿಯಿತು. ಪಾಸ್ಟರ್ ಪಟ್ಟಿ ನೋಡಲಿಲ್ಲ. ಅವಳ ಕಿವಿಯಲ್ಲಿ ಏನೋ ಕೇಳಿದರು, ಅವಳು ಹೇಳಿದಳು. ತಾನೇ ಆರಿಸಿಕೊಂಡ ಹೆಸರು ಅದು, ನಮ್ಮ ಮನೆಯಾಚೆ ಯಾರೂ ಕರೆಯದಿದ್ದ ಹೆಸರು. ಪಾಸ್ಟರ್ ಅದನ್ನು ಚಾವಣಿ ಮುಟ್ಟುವಂತೆ ಕೂಗಿ ಹೇಳಿ ಅವಳನ್ನು ನೀರಲ್ಲಿ ಮುಳುಗಿಸಿದರು.

ಎದ್ದಾಗ ಅವಳು ಕೆಮ್ಮಿದಳು, ಮೂಗಿಗೆ ನೀರು ಹೋಗಿತ್ತು, ಆಮೇಲೆ ನಕ್ಕಳು. ನಮ್ಮಲ್ಲಿ ನೀರಿನಿಂದ ಎದ್ದವರು ಒಂದು ಮಾತು ಸಾಕ್ಷಿ ಹೇಳಬೇಕು. ಜನ ಕಾಯುತ್ತಿದ್ದರು.

"ಈ ಮೈಯಲ್ಲೇ ಬಂದೆ" ಎಂದಳು.

ಹಾಡು ಯಾರು ಎತ್ತಿದರೋ ಗೊತ್ತಿಲ್ಲ, ಸರದಿ ಮುಗಿಯುವ ಮೊದಲು ಹಾಡುವ ಪದ್ಧತಿಯೂ ಇಲ್ಲ. ತಾತ ಟವೆಲ್ಲು ಬಿಚ್ಚಿ ಹಿಡಿದರು. ಅತ್ತೆ ಅದನ್ನು ಹೆಗಲಿಗೆ ಹಾಕಿಕೊಳ್ಳಲಿಲ್ಲ. ತಾತನ ಕೈಯನ್ನಷ್ಟೇ ಒಮ್ಮೆ ಒತ್ತಿ, ಕೋಣೆಯ ಕಡೆಗೂ ಹೋಗದೆ, ಬೆಂಚುಗಳ ನಡುವಿನ ದಾರಿಗೆ ಇಳಿದಳು. ಬಟ್ಟೆ ಮೈಗೆ ಅಂಟಿತ್ತು, ಅಗಲ ಹೆಗಲು, ಉದ್ದ ಕೈ, ಎಲ್ಲ ಇದ್ದ ಹಾಗೇ ಕಾಣುತ್ತಿತ್ತು. ಜನ ನೋಡಿದರು. ನೋಡಲಿ ಎಂದು ಅವಳು ನಿಧಾನವಾಗಿಯೇ ನಡೆದಳು, ನೀರು ಸುರಿಸುತ್ತ, ತೆರೆದ ಬಾಗಿಲಿನಾಚೆಯ ಬಿಸಿಲಿನವರೆಗೂ.