ಝೈನಬಕ್ಕನ ಅರ್ಧ ಲೋಟ

ಹಸಿದವರ ಮುಖ ಕಂಡೊಡನೆ ಒಲೆ ಹೊತ್ತಿಸುವ ಕರುಣೆ, ಐದು ಹೊತ್ತಿನ ಪ್ರಾರ್ಥನೆಯನ್ನು ತಪ್ಪಿಸದ ನಿಷ್ಠೆ, ನೆರೆಮನೆಯ ಬಾಣಂತಿಗೆ ಕೇಳದೆಯೇ ಕಷಾಯ ಒಯ್ಯುವ ಅಕ್ಕರೆ, ಅನ್ಯಾಯದೆದುರು ತಗ್ಗದ ದನಿ: ಇಷ್ಟು ಸದ್ಗುಣಗಳು ನೆಲೆಸಿದ ಆ ಮನೆಯಲ್ಲಿ ಅತಿಥಿಗೆ ನೀರು ಮಾತ್ರ ಅರ್ಧ ಲೋಟವೇ ದೊರೆಯುತ್ತಿತ್ತು.

“ಇದನ್ನು ಕುಡಿದು ಮುಗಿಸಿ, ಮತ್ತೆ ಕೊಡ್ತೇನೆ. ಬಿಟ್ಟು ಹೋದರೆ ಲೋಟ ಹಿಡ್ಕೊಂಡು ಲಿಫ್ಟಿನವರೆಗೂ ಬರ್ತೇನೆ.”

ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡದ ಮೇಲಂತಸ್ತಿನ ಝೈನಬಕ್ಕನನ್ನು ಜಿಪುಣಿಯೆಂದು ನಕ್ಕವರಿಗೆ ಆ ಅರ್ಧದ ಹಿಂದಿನ ಉರಿ ತಿಳಿದಿರಲಿಲ್ಲ. ಪತಿ ಕಬೀರ್ ದೋಹಾದ ಉತ್ತರಕ್ಕಿರುವ ತೋಟವೊಂದರಲ್ಲಿ ತರಕಾರಿ ಬೆಳೆಸುತ್ತಿದ್ದವರು. ಬೇಸಿಗೆ ವರ್ಷವರ್ಷಕ್ಕೂ ಕ್ರೂರವಾಗುತ್ತ, ಆಳಕ್ಕಿಳಿದಷ್ಟೂ ಬಾವಿ ಉಪ್ಪಾಗುತ್ತ ಬಂದು, ಕಡೆಗೆ ತೋಟವೇ ಮುಚ್ಚಿತು. ಆ ಉಪ್ಪುನೀರು ಕುಡಿದೂ ಉಳಿದದ್ದು ಕರಬೂಜದ ಒಂದೇ ಬಳ್ಳಿ. ಅದರ ಬೀಜವಷ್ಟನ್ನೂ ಝೈನಬಕ್ಕ ತಾರಸಿಯ ನೆರಳಿನಲ್ಲಿ ಬಿತ್ತಿ, ಏಸಿಯ ಪೈಪಿನಿಂದ ತೊಟ್ಟಿಕ್ಕುವ ತಣ್ಣೀರನ್ನು ಡ್ರಮ್ಮಿನಲ್ಲಿ ಕೂಡಿಸಿ ಸಲಹಿದರು. ಹಣ್ಣಾದರೆ ಬೀಜ, ಇಲ್ಲವಾದರೆ ಆ ಕುಲವೇ ಅಲ್ಲಿಗೆ ಮುಗಿಯಿತು. ಕಡಲನ್ನು ಸಿಹಿಮಾಡಿ ತಂದ ನೀರಿನಲ್ಲಿ ಕಾರುಗಳು ಮೀಯುವ ಊರಿನಲ್ಲಿ, ಉಣಿಸುವ ಬಳ್ಳಿಗೆ ಏಸಿಯ ಬೆವರೇ ಗತಿ!

ಜೂನಿನ ಒಂದು ಮಧ್ಯಾಹ್ನ ಅವರು ಕ್ಲಿನಿಕ್ಕಿಗೆ ಹೋಗಿದ್ದರು. ಕಟ್ಟಡದ ಮೇಲ್ವಿಚಾರಕ, ಮಂಗಳೂರಿನ ಟೆರೆನ್ಸ್, ಸೊಳ್ಳೆಯ ಭಯದಿಂದ ಡ್ರಮ್ಮನ್ನು ಬರಿದುಮಾಡಿಸಿದರು. ಬಳ್ಳಿ ಒಣಗಬಾರದೆಂಬ ಸದ್ಭಾವದಿಂದ, ನೆತ್ತಿಯ ಬಿಸಿಲಿನಲ್ಲಿ ಕುದಿಯುತ್ತಿದ್ದ ತಾರಸಿಯ ಟ್ಯಾಂಕಿಗೆ ಪೈಪು ಜೋಡಿಸಿ ತಾವೇ ನೀರುಣಿಸಿದರು. ಝೈನಬಕ್ಕ ಮರಳುವಷ್ಟರಲ್ಲಿ ಎಲೆಗಳು ಬೆಂದ ಸೊಪ್ಪಿನಂತೆ ಜೋತುಬಿದ್ದಿದ್ದವು.

“ನೀರು ಹಾಕಿದ್ದೇ ಅಲ್ವಾ ಅಕ್ಕಾ?” ಎಂದರು ಟೆರೆನ್ಸ್.

“ನಿಮ್ಮ ಮಗುವನ್ನು ಈಗ ಯಾವ ನೀರಲ್ಲಿ ಮೀಯಿಸ್ತೀರಿ?”

“ಗೀಸರ್ ಆಫ್ ಮಾಡಿಟ್ಟು, ಅದರೊಳಗೆ ತಣಿದ ನೀರಲ್ಲಿ. ನಲ್ಲಿದು ತಾರಸಿ ಟ್ಯಾಂಕಿನ ನೀರು, ಸುಡ್ತದಲ್ಲ.”

“ಹಾಗಾದ್ರೆ ಬಳ್ಳಿಗೆ ಚರ್ಮ ಇಲ್ವಾ ಮಾರಾಯ್ರೇ?”

ಟೆರೆನ್ಸ್ ಪೈಪನ್ನು ಕಳಚಿದರು. ತನ್ನ ಮೈ ಅರಿತ ಬೇಗೆಯನ್ನು ಪರರ ಮೈಗೆ ಬಂದಾಗ ಮರೆಯುವುದು, ಮರೆತು ಅದನ್ನೇ ಉಪಕಾರವೆಂದು ಬಗೆಯುವುದು, ಆ ಒಬ್ಬರ ದೋಷವಲ್ಲ. ನೆಲವನ್ನು ಹೀರಿ ಬಿಸಿಲನ್ನು ದೂರುವ ಇಡೀ ಲೋಕದ ನಡತೆ ಅದು.

ಡ್ರಮ್ಮು ಇದ್ದೆಡೆಯ ಹಿಂದೆ, ಪೈಪು ಮುಟ್ಟದ ಮೂಲೆಗೆ ಹಬ್ಬಿದ್ದ ಕುಡಿಯೊಂದರಲ್ಲಿ ಒಂದು ಕಾಯಿ ಉಳಿದಿತ್ತು. ಅಲ್ಲಿನ ಮಣ್ಣಿಗೆ ತಾನೇ ಬೇರುಬಿಟ್ಟಿದ್ದ ಗೆಣ್ಣಿನ ಬಲದಿಂದಲೇ ಅದು ಹಣ್ಣಾಯಿತು. ಅಷ್ಟರವರೆಗೂ ಟೆರೆನ್ಸ್ ತಮ್ಮ ಮನೆಯ ಏಸಿಯ ನೀರನ್ನು ದಿನವೂ ಹೊತ್ತು ತಂದರು. ಝೈನಬಕ್ಕ ಹಣ್ಣನ್ನು ಸೀಳಿ, ಬೀಜದಲ್ಲೊಂದು ಪಾಲನ್ನು ಅವರ ಅಂಗೈಗಿತ್ತರು.

“ನನಗಾ?”

“ಬೀಜ ಒಂದೇ ಮನೆಯಲ್ಲಿದ್ದರೆ ಒಬ್ಬ ದಡ್ಡ ಸಾಕು, ಎಲ್ಲ ಖಲಾಸ್. ತಕ್ಕೊಳ್ಳಿ.”

ಇಂಥವರ ಸಿಟ್ಟನ್ನು ನಾವು ಹಟವೆಂದು ಕರೆದು ನಕ್ಕುಬಿಡುತ್ತೇವೆ. ಬೆಂದ ನೆಲದಲ್ಲಿ ಉಳಿದ ಹಸಿರಾದರೋ ಆ ಸಿಟ್ಟಿನ ನೆರಳಿನಲ್ಲಿಯೇ ಉಸಿರಾಡುತ್ತದೆ. ಕಬೀರರ ಕೈಗೆ ಮತ್ತೆ ಮಣ್ಣು ದೊರೆಯಲಿ. ಆ ಬೀಜ ಅವರ ಮೊಮ್ಮಕ್ಕಳ ಅಂಗಳದಲ್ಲಿಯೂ ಹಬ್ಬಲಿ. ಝೈನಬಕ್ಕನ ಮನೆಯ ಲೋಟ ಎಂದಾದರೊಂದು ದಿನ, ನಿಶ್ಚಿಂತೆಯಿಂದ, ಅಂಚಿನವರೆಗೂ ತುಂಬಲಿ.